ದರಪಟ್ಟಿ ಹಾಕಿಸುವುದು ಸಂವಿಧಾನಬಾಹಿರವೇ?

ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ನಿಯಮ ವಿಧಿಸುವುದು ಸಂವಿಧಾನದ 19(1)(ಜಿ) ವಿಧಿ ನೀಡಿರುವ ವೃತ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಂಡಿಸಿರುವ ವಾದ ಅರ್ಧಕ್ಕೇ ನಿಂತಿದೆ. ಅದೇ ವಿಧಿಯ 6ನೇ ಉಪವಿಧಿ ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧಗಳಿಗೆ ಅವಕಾಶ ಕೊಡುತ್ತದೆ. ಕೇಂದ್ರ, ರಾಜ್ಯಗಳ ನಡುವೆ ಅಧಿಕಾರ ಹಂಚುವ ಏಳನೇ ಅನುಸೂಚಿಯ ರಾಜ್ಯ ಪಟ್ಟಿ ಸಾರ್ವಜನಿಕ ಆರೋಗ್ಯವನ್ನೂ ಆಸ್ಪತ್ರೆಗಳನ್ನೂ ರಾಜ್ಯಕ್ಕೆ ವಹಿಸಿರುವುದರಿಂದ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು ರೂಪಿಸುವ, 2017ರಲ್ಲಿ ವೈದ್ಯರ ಮುಷ್ಕರದ ಬೆನ್ನಲ್ಲೇ ಅದಕ್ಕೆ ತಿದ್ದುಪಡಿ ತರುವ ಅಧಿಕಾರ ವಿಧಾನಮಂಡಲಕ್ಕೆ ಇದ್ದೇ ಇತ್ತು.

ಪ್ರಶ್ನೆ ಇರುವುದು ನಿರ್ಬಂಧದ ಪ್ರಮಾಣದಲ್ಲಿ. ಚಿಕಿತ್ಸೆಯ ದರಪಟ್ಟಿ ಹಾಕಿ, ಬಾಕಿ ಹಣಕ್ಕಾಗಿ ಶವ ತಡೆಹಿಡಿಯಬೇಡಿ ಎಂದರೆ ಯಾವ ವೈದ್ಯರ ವೃತ್ತಿಯೂ ಮುಳುಗುವುದಿಲ್ಲ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಆ ಪಟ್ಟಿಯನ್ನು ನಾನು ನೋಡಿದ್ದೇನೆ: ಬಿಲ್ ಕಟ್ಟುವ ಕಿಟಕಿಯ ಪಕ್ಕದಲ್ಲಿ, ಅರ್ಧ ಕ್ಯಾಲೆಂಡರಿನ ಮರೆಯಲ್ಲಿ, ಐಸಿಯು ಎಂಬುದರ ಮುಂದೆ ಮೊತ್ತವೇ ಇರಲಿಲ್ಲ. ಆದರೆ ಖರ್ಚುವೆಚ್ಚ ನೋಡದೆ ಎಲ್ಲರಿಗೂ ಒಂದೇ ದರ ನಿಗದಿ ಮಾಡಿದರೆ ಹಾನಗಲ್ಲಿನಂಥ ಊರಿನ ಸಣ್ಣ ನರ್ಸಿಂಗ್ ಹೋಂ ಬಾಗಿಲು ಹಾಕಬೇಕಾದೀತು. ಅಂಥ ನಿಯಮ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಅಷ್ಟರ ಮಟ್ಟಿಗೆ ಲೇಖಕರ ಆತಂಕ ಒಪ್ಪತಕ್ಕದ್ದೇ.

ಅವರು ಪ್ರಸ್ತಾಪಿಸದ ಇನ್ನೊಂದು ಸಂಗತಿಯಿದೆ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವರೊಬ್ಬರನ್ನು ಪಶ್ಚಿಮ ಬಂಗಾಳದ ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲವೆಂದು ಒಂದಾದ ಮೇಲೊಂದು ಹಿಂದಕ್ಕೆ ಕಳಿಸಿದ್ದನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಜೀವಿಸುವ ಹಕ್ಕನ್ನು ಕೊಡುವ 21ನೇ ವಿಧಿಯ ಉಲ್ಲಂಘನೆ ಎಂದು ತೀರ್ಮಾನಿಸಿ, ಹಣದ ಕೊರತೆಯ ನೆಪವನ್ನು ತಳ್ಳಿಹಾಕಿ, 25,000 ರೂಪಾಯಿ ಪರಿಹಾರ ಕೊಡಿಸಿತು. ಖಾಸಗಿಯವರಿಗೆ ನಿಯಮ ಹೇಳುವ ಸರ್ಕಾರ, ಹಾವೇರಿ, ಗದಗದ ಸರ್ಕಾರಿ ಆಸ್ಪತ್ರೆಗಳಿಂದ ಹುಬ್ಬಳ್ಳಿಗೆ ಚೀಟಿ ಬರೆಸಿಕೊಂಡು ಬರುವ ರೋಗಿಗಳ ವಿಷಯದಲ್ಲಿ ಈ ತೀರ್ಪಿಗೂ ಉತ್ತರ ಕೊಡಬೇಕಾಗುತ್ತದೆ.