ಹನ್ನೊಂದು ಬಾಟಲಿ ಉಪ್ಪಿನಕಾಯಿ

ನಿನ್ನೆ ರಾತ್ರಿ ನಮ್ಮ ದೊಡ್ಡಪ್ಪನವರು ಪರೀಕ್ಷೆಗೆಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಳ್ಳಲು ಹೋಗಿ ಹನ್ನೊಂದು ಬಾಟಲಿಗೆ ಒಡೆಯರಾದರು. ಅಂಗಡಿ ಅವರದು, ಉಪ್ಪಿನಕಾಯಿ ದೊಡ್ಡಮ್ಮನದು, ತಪ್ಪು ಮಾತ್ರ ನನ್ನದು. ಮನೆಯ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಆನ್‌ಲೈನ್‌ನಲ್ಲಿ ಮಾರಲು ಕಾರ್ಟ್, ಅಂದರೆ ಕೊಳ್ಳುವ ಸಾಮಾನು ತುಂಬುವ ಬುಟ್ಟಿ, ಕಟ್ಟಿಕೊಡುತ್ತೇನೆಂದು ಯುಗಾದಿಯ ಹೋಳಿಗೆಯ ಮತ್ತಿನಲ್ಲಿ ಮಾತು ಕೊಟ್ಟವನು ನಾನೇ.

ಕಟ್ಟಿದ್ದು ಜಾಲತಾಣ ಕಟ್ಟುವ ಸಲಕರಣೆಯಾದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನಲ್ಲಿ. 2002ರಲ್ಲಿ ಬಂದ ಈ ವಿದ್ಯೆಯನ್ನು ಈಗಿನ ಹುಡುಗರು ಅಟ್ಟದ ಮೇಲಿನ ತಗಡಿನ ಟ್ರಂಕಿನಂತೆ ನೋಡುತ್ತಾರೆ. ಆದರೆ ನನ್ನ ಕೈಗೆ ಪಳಗಿದ್ದು ಅದೊಂದೇ. ಅದರಲ್ಲೂ ಮೊದಲ ದಿನ ಪುಟ ಸಿದ್ಧವಾಗುವ ‘ಪೇಜ್ ಲೋಡ್’ ಹಂತದಲ್ಲಿ ‘ಈಸ್ ಪೋಸ್ಟ್‌ಬ್ಯಾಕ್’, ಅಂದರೆ ಪುಟ ಹೊಸದಾಗಿ ತೆರೆದದ್ದೋ, ಗುಂಡಿ ಒತ್ತಿದ್ದಕ್ಕೆ ಸರ್ವರ್‌ಗೆ ಮರಳಿ ಬಂದದ್ದೋ ಎಂದು ವಿಚಾರಿಸುವುದನ್ನು ಮರೆತೆ. ದೊಡ್ಡಮ್ಮ ಬಾಟಲಿಯ ಲೆಕ್ಕವನ್ನು 3 ಎಂದು ತಿದ್ದಿ ‘ಅಪ್‌ಡೇಟ್’ ಒತ್ತಿದಾಗಲೆಲ್ಲ ಪಟ್ಟಿ ತೋರಿಸುವ ಗ್ರಿಡ್‌ವ್ಯೂ ಹಳೆಯ ಲೆಕ್ಕವನ್ನೇ ಮತ್ತೆ ತುಂಬಿಕೊಂಡು 1 ಎಂದು ತೋರಿಸುತ್ತಿತ್ತು. “ಥೇಟ್ ನಿಮ್ಮ ದೊಡ್ಡಪ್ಪನ ಹಾಗೆ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ ತನಗೆ ತೋಚಿದ್ದನ್ನೇ ಮಾಡುತ್ತದೆ” ಎಂದರು ದೊಡ್ಡಮ್ಮ.

ದೊಡ್ಡಪ್ಪನವರಿಗೋ ಪುಟವನ್ನು ರಿಫ್ರೆಶ್ ಮಾಡುವ, ಅಂದರೆ ಮತ್ತೆ ತರಿಸುವ, ಎಫ್5 ಕೀಲಿಯ ಮೇಲೆ ಅಪಾರ ಭಕ್ತಿ. ಪರದೆ ಎರಡು ಕ್ಷಣ ಸುಮ್ಮನಿದ್ದರೆ ಸಾಕು, ದೇವಸ್ಥಾನದ ಗಂಟೆ ಕೈಗೆಟುಕಿದ ಮಗುವಿನಂತೆ ಬಾರಿಸತೊಡಗುತ್ತಾರೆ. ಪೋಸ್ಟ್‌ಬ್ಯಾಕ್ ಆದ ಪುಟವನ್ನು ರಿಫ್ರೆಶ್ ಮಾಡಿದರೆ ಬ್ರೌಸರ್ ಹಿಂದಿನ ಮನವಿಯನ್ನೇ ಮತ್ತೊಮ್ಮೆ ಕಳುಹಿಸುತ್ತದೆ, ಸರ್ವರ್ ಅದನ್ನು ಹೊಸ ಕ್ಲಿಕ್ ಎಂದೇ ನಂಬಿ ಇನ್ನೊಂದು ಬಾಟಲಿಯನ್ನು ಬುಟ್ಟಿಗೆ ಹಾಕುತ್ತದೆ. ಕಳುಹಿಸುವ ಮೊದಲು ಬ್ರೌಸರ್ “ಮತ್ತೆ ಕಳುಹಿಸಲೇ?” ಎಂದು ವಿನಯದಿಂದ ಕೇಳುತ್ತದೆ, ನಿಜ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಮೂವತ್ತು ವರ್ಷ “ಓದಿ ಸಹಿ ಮಾಡ್ರೀ” ಎಂದು ಊರಿಗೆಲ್ಲ ಗದರಿಸಿದ ಮಹನೀಯರು ಆ ಪ್ರಶ್ನೆಯನ್ನು ಓದದೆಯೇ ಎಂಟರ್ ಒತ್ತುತ್ತಾರೆ. ಎಫ್5, ಎಂಟರ್, ಎಫ್5, ಎಂಟರ್. ಹತ್ತು ಆವರ್ತನೆ ಮುಗಿಸಿ, “ಬೆಲೆ ಯಾಕೋ ಏರುತ್ತಿದೆಯಲ್ಲ!” ಎಂದು ನನ್ನನ್ನು ಎಬ್ಬಿಸಿದಾಗ ರಾತ್ರಿ ಹನ್ನೊಂದೂವರೆ.

ಇನ್ನು ಕಾರ್ಟನ್ನು ನಾನು ಇರಿಸಿದ್ದು ಸರ್ವರ್‌ನ ತಾತ್ಕಾಲಿಕ ನೆನಪಾದ ಸೆಷನ್‌ನಲ್ಲಿ. ಇಪ್ಪತ್ತು ನಿಮಿಷ ಯಾರೂ ಮಾತನಾಡಿಸದಿದ್ದರೆ ಅದು ಎಲ್ಲವನ್ನೂ ಮರೆಯುತ್ತದೆ. ದೊಡ್ಡಮ್ಮ ಸಂಡಿಗೆ ಡಬ್ಬ ನೋಡಿಬರಲು ಎದ್ದು, ಮಗಳ ಫೋನು ಮುಗಿಸಿ ಬರುವಷ್ಟರಲ್ಲಿ ಬುಟ್ಟಿ ಬರಿದು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಭಾಷೆಯಾದ ಎಚ್‌ಟಿಟಿಪಿಗೆ ಹುಟ್ಟಿನಿಂದಲೇ ನೆನಪಿಲ್ಲ; 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಬ್ರೌಸರಿನ ನೆನಪಿನ ಚೀಟಿಯಾದ ಕುಕಿಯನ್ನು ರೂಪಿಸಿದ್ದಕ್ಕೂ ಇಂಥದೇ ಬುಟ್ಟಿಯೊಂದು ಕಾರಣ. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಅಜ್ಜಿ ಬೆಳಿಗ್ಗೆ ಚೀಟಿ ಕೊಟ್ಟು ದೀಪ ಹಚ್ಚುವ ಹೊತ್ತಿಗೆ ಹೋದರೂ ಸಾಮಾನು ಹುರಿದಾರದಲ್ಲಿ ಕಟ್ಟಿಟ್ಟಿರುತ್ತಿತ್ತು. “ಈ ಸಲ ಮೆಂತ್ಯ ಬರೆದಿಲ್ಲವಲ್ಲಮ್ಮ” ಎಂದು ಅಂಗಡಿಯವರೇ ಕೇಳುತ್ತಿದ್ದರು. ಆ ಜಾಗದಲ್ಲೀಗ ಮೊಬೈಲ್ ಕವರುಗಳು ತೂಗುತ್ತಿವೆ.

ಇಂದು ಬೆಳಿಗ್ಗೆ ಕಾಫಿಗೂ ಮೊದಲು, ಬಾಟಲಿ ಸೇರಿದ ಕೂಡಲೇ ಬೇರೆ ಪುಟಕ್ಕೆ ಸಾಗಹಾಕುವ ರೀಡೈರೆಕ್ಟ್ ಸಾಲೊಂದನ್ನು ಬರೆದೆ. ಇನ್ನು ರಿಫ್ರೆಶ್ ಆಗುವುದು ಆ ಪುಟ ಮಾತ್ರ, ಎಫ್5 ಎಷ್ಟು ಒತ್ತಿದರೂ ಲೆಕ್ಕ ಕದಲುವುದಿಲ್ಲ. ನೆಮ್ಮದಿಯಿಂದ ಲೋಟ ಕೈಗೆತ್ತಿಕೊಂಡಿದ್ದೆ, ದೊಡ್ಡಪ್ಪನವರ ಫೋನು ಬಂತು.

“ನಿನ್ನೆ ಚೆನ್ನಾಗಿತ್ತಲ್ಲೋ, ಏನು ಕೆಡಿಸಿದೆ? ಆಗಿನಿಂದ ಒತ್ತುತ್ತಿದ್ದೇನೆ, ಒಂದೇ ಬಾಟಲಿ ತೋರಿಸುತ್ತಿದೆ.”