ಸ್ಪಷ್ಟನೆ: ಆರ್ಕ್ ಕಲಿತವರಿಗೆ ಟಿಗ್ ತಾನಾಗಿಯೇ ಬರುವುದಿಲ್ಲ

ಆರ್ಕ್ (ರಾಡ್) ವೆಲ್ಡಿಂಗ್ ಕಲಿತರೆ ಮಿಗ್, ಟಿಗ್ ಎಂಬ ಅನಿಲ ಬಳಸುವ ಬೆಸುಗೆ ವಿಧಾನಗಳೂ ತಾವಾಗಿಯೇ ಕೈಗೆ ಹತ್ತುತ್ತವೆ, ಮೂರು ದಿನಗಳ ತರಬೇತಿಯ ಪ್ರಮಾಣಪತ್ರವು ಐಟಿಐಗೆ ಸಮ ಎಂಬ ಸಂದೇಶವೊಂದು ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಸರಿಯಲ್ಲ.

ಐಟಿಐ ವೆಲ್ಡರ್ ತರಬೇತಿಯ ಅವಧಿ ಒಂದು ವರ್ಷ. ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಅಲ್ಪಾವಧಿ ಶಿಬಿರಗಳು ಪರಿಚಯಕ್ಕೆ ಒಳ್ಳೆಯವು, ಅಷ್ಟೇ.

ವಿಧಾನಗಳ ವಿಷಯವೇ ಮುಖ್ಯ. ಆರ್ಕ್‌ನಲ್ಲಿ ರಾಡ್ ಕರಗಿ ಗಿಡ್ಡವಾಗುತ್ತಿದ್ದಂತೆ ಕೈಯೂ ಅದೇ ಪ್ರಮಾಣದಲ್ಲಿ ಕೆಳಗಿಳಿಯಬೇಕು. ಮಿಗ್‌ನಲ್ಲಿ ತಂತಿಯನ್ನು ಯಂತ್ರವೇ ಒದಗಿಸುವುದರಿಂದ ವೋಲ್ಟೇಜಿಗೂ ತಂತಿಯ ವೇಗಕ್ಕೂ ಹೊಂದಾಣಿಕೆ ಮಾಡುವುದನ್ನು ಕಲಿಯಬೇಕು. ಟಿಗ್‌ನಲ್ಲಿ ಒಂದು ಕೈ ಟಾರ್ಚ್ ಹಿಡಿದರೆ ಇನ್ನೊಂದು ಬೆಸುಗೆ ತುಂಬುವ ಫಿಲ್ಲರ್ ರಾಡನ್ನು ಹನಿಹನಿಯಾಗಿ ಕೊಡಬೇಕು. ಟಾರ್ಚ್‌ನ ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಗುಲಿತೆಂದರೆ ಕೆಲಸ ನಿಲ್ಲಿಸಿ ಅದನ್ನು ಮತ್ತೆ ಗ್ರೈಂಡರ್‌ಗೆ ಹಿಡಿಯದೆ ವಿಧಿಯಿಲ್ಲ.

ನಮ್ಮ ಕಾಫಿ ತೋಟಗಳ ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪುಗಳನ್ನೇ ನೋಡಿ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡ್ ಪದರ 2000 ಡಿಗ್ರಿ ದಾಟಿದ ಮೇಲಷ್ಟೇ ಕರಗುವುದರಿಂದ, ಆ ಪದರವನ್ನು ಒಡೆಯಬಲ್ಲ ಎಸಿ (ಪರ್ಯಾಯ ವಿದ್ಯುತ್) ಟಿಗ್ ಬೇಕಾಗುತ್ತದೆ. ಗೇಟಿಗೆ ಬಳಸುವ ಸಾಮಾನ್ಯ ಕಬ್ಬಿಣದ ರಾಡ್ ಹಿಡಿದು ಹೊರಟವರ ಕೈಯಲ್ಲಿ ಪೈಪ್ ತೂತಾಗುವುದೇ ಹೆಚ್ಚು. ಮಳೆಗಾಲದಲ್ಲಿ ತೆರೆದ ಶೆಡ್‌ನಲ್ಲಿ ಮಿಗ್ ಬಳಸುವಾಗಲೂ ಎಚ್ಚರ ಬೇಕು, ಏಕೆಂದರೆ ಗಾಳಿ ಬೀಸಿದರೆ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ರಕ್ಷಕ ಅನಿಲ ಚದುರಿ ಬೆಸುಗೆಯೊಳಗೆ ಸಣ್ಣ ರಂಧ್ರಗಳು ಉಳಿಯುತ್ತವೆ.

ಸೇರುವ ಮುನ್ನ ಪ್ರತಿ ವಿಧಾನಕ್ಕೂ ಎಷ್ಟು ಗಂಟೆ ಯಂತ್ರ ಕೈಗೆ ಸಿಗುತ್ತದೆಂದು ತರಬೇತಿ ನೀಡುವವರನ್ನು ಕೇಳಿ ತಿಳಿದುಕೊಳ್ಳಬೇಕು.