ಮಾತಿಗಿಂತ ಕಟ್ಟೆಗಳೇ ಜಾಸ್ತಿ

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಗಾಡಿ ಎಲ್ಲಿ ನಿಲ್ಲಿಸೋದು ಅನ್ನೋದು ಬೆಂಗಳೂರಿನ ಹಳೇ ಪ್ರಶ್ನೆ. ಈಗ ಅದಕ್ಕೂ ಮುಂಚೆ ಇನ್ನೊಂದು ಹುಟ್ಟಿದೆ: ಆ ಪ್ರಶ್ನೆಯನ್ನು ಆನ್‌ಲೈನ್‌ನಲ್ಲಿ ಎಲ್ಲಿ ನಿಲ್ಲಿಸೋದು?

ಹಳ್ಳಿಯಲ್ಲಾದರೆ ಒಂದೇ ಅರಳಿಕಟ್ಟೆ. ತಪ್ಪೋ ಸರಿಯೋ, ಕೂತವರು ಕೂತಲ್ಲೇ ತೀರ್ಮಾನ ಕೊಡುತ್ತಾರೆ. ಲೆಮ್ಮಿ ಅಂತ ರೆಡ್ಡಿಟ್ ಥರದ ಚರ್ಚಾತಾಣವಿದೆ. ಒಬ್ಬರ ಕೈಯಲ್ಲಿಲ್ಲದೆ, ಬೇರೆಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಇಂಥ ವಿಕೇಂದ್ರೀಕೃತ ಜಾಲದಲ್ಲಿ ಯಾರು ಬೇಕಾದರೂ ಕಟ್ಟೆ, ಅಂದರೆ ಚರ್ಚೆಯ ಸಮುದಾಯ, ಕಟ್ಟಬಹುದು. ಹಾಗಾಗಿ ಎಲ್ಲರೂ ಕಟ್ಟುವುದರಲ್ಲೇ ಇದ್ದಾರೆ, ಕೂರಲು ಯಾರೂ ಉಳಿದಿಲ್ಲ. ಒಂದು ಸರ್ವರ್‌ನಲ್ಲಿ 'ಬೆಂಗಳೂರು' ಸಮುದಾಯ ಇದ್ದರೆ ಪಕ್ಕದ ಸರ್ವರ್‌ನಲ್ಲೂ ಅದೇ ಹೆಸರಿನದು ಹುಟ್ಟಲು ಅಡ್ಡಿಯಿಲ್ಲ. ಇಲ್ಲಿ ಆಡಿದ್ದು ಅಲ್ಲಿಗೆ ಕೇಳಿಸದು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಗಿದ್ದನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಲ್ಲವರ ವಿಧಿ ಹೀಗಿದೆ. ಸದಸ್ಯರ ಸಂಖ್ಯೆಗೆ ಮರುಳಾಗಬೇಡಿ. ಸೇರಿ ಮರೆತವರೂ ಅದರಲ್ಲಿದ್ದಾರೆ. ತಿಂಗಳಲ್ಲಿ ಎಷ್ಟು ಜನ ಸಕ್ರಿಯರು ಎಂಬ ಅಂಕಿ ಪಕ್ಕದಲ್ಲೇ ಇರುತ್ತದೆ, ಅದನ್ನು ನೋಡಿ. ಇಬ್ಬರು ಅಂತಿದ್ದರೆ ಒಬ್ಬರು ಅಡ್ಮಿನ್, ಇನ್ನೊಬ್ಬರು ಬಹುಶಃ ಅವರದೇ ಎರಡನೇ ಖಾತೆ. ಇನ್ನು ಹುಡುಕಾಟ. ನಿಮ್ಮ ಸರ್ವರ್‌ನಿಂದ ಯಾರೂ ಈವರೆಗೆ ಹುಡುಕದ, ಸೇರದ ಸಮುದಾಯ ನಿಮ್ಮ ಪಟ್ಟಿಯಲ್ಲೇ ಕಾಣಿಸದು. ಆಶ್ಚರ್ಯಸೂಚಕ ಚಿಹ್ನೆ (!), ಹೆಸರು, ಅಟ್ (@), ಸರ್ವರ್ ವಿಳಾಸ, ಇಷ್ಟನ್ನೂ ಒಟ್ಟಿಗೆ ಹೊಡೆದು ಹುಡುಕಬೇಕು. ಮೊದಲ ಸಲ ಏನೂ ಸಿಗದೆ ಹೋದರೆ ಗಾಬರಿ ಬೇಡ, ತುಸು ತಡೆದು ಮತ್ತೆ ಹುಡುಕಿ. ಸಿಕ್ಕಾಗ ಹಳೇ ಪೋಸ್ಟ್ ಒಂದಷ್ಟು ಬರುತ್ತವೆ, ಅವುಗಳ ಕಾಮೆಂಟ್ ಬರುವುದಿಲ್ಲ. ಅಂದರೆ ಹೋದ ವರ್ಷ ಯಾರೋ ಇದೇ ಪಾರ್ಕಿಂಗ್ ವಿಚಾರ ಕೇಳಿದ್ದರೆ ಪ್ರಶ್ನೆ ನಿಮಗೆ ತಲುಪುತ್ತದೆ, ಉತ್ತರ ಅಲ್ಲೇ ಉಳಿಯುತ್ತದೆ.

ಸರ್ವರ್‌ಗಳ ನಡುವೆ ಮಾತು ಬಿಟ್ಟಿದೆಯೇ ಎಂದೂ ವಿಚಾರಿಸಿಕೊಳ್ಳಿ. ರೆಡ್ಡಿಟ್ ಮೇಲೆ ಮುನಿದು ಜನ ಗುಳೆ ಬಂದ 2023ರ ಜೂನ್‌ನಲ್ಲಿ, ಹೊಸಬರನ್ನು ಸಂಭಾಳಿಸಲು ಕೈ ಸಾಲದೆ ಬೀಹಾ ಸರ್ವರ್ ಲೆಮ್ಮಿ ವರ್ಲ್ಡ್ ಎಂಬ ಇನ್ನೊಂದು ಸರ್ವರ್ ಜೊತೆ ಸಂಪರ್ಕ ಕಡಿದುಕೊಂಡಿತು. ಹಾಗೆ ಕಡಿದ ಮೇಲೂ, ಆಚೆಯ ಸಮುದಾಯದ್ದೆಂದು ನಿಮ್ಮ ಸರ್ವರ್ ಇಟ್ಟುಕೊಂಡ ಪ್ರತಿಯಲ್ಲಿ ಬರೆಯುತ್ತಲೇ ಇರಬಹುದು. ನಿಮ್ಮ ಸರ್ವರ್‌ನವರಿಗಷ್ಟೇ ಕಾಣುತ್ತದೆ. ಮದುವೆ ಮನೆಯಲ್ಲಿ ವೈರ್ ಕಿತ್ತ ಮೈಕಿನ ಮುಂದೆ ಹಾಡಿದ ಹಾಗೆ. ದೊಡ್ಡ ಸರ್ವರ್ ಭದ್ರ ಅನ್ನುವ ಹಾಗೂ ಇಲ್ಲ: ಲೆಮ್ ಡಾಟ್ ಇಇ 2025ರ ಜೂನ್ ಕೊನೆಗೆ ಬಾಗಿಲು ಹಾಕಿತು. ಸಮುದಾಯವನ್ನು ಗಂಟುಮೂಟೆ ಸಮೇತ ಇನ್ನೊಂದು ಕಡೆ ಸಾಗಿಸುವ ವ್ಯವಸ್ಥೆ ಲೆಮ್ಮಿಯಲ್ಲಿಲ್ಲ. ಹೊಸದು ಕಟ್ಟಿ, ಮನೆಮನೆಗೆ ಹೋಗಿ ಕರೆಯಬೇಕು.

ಒಂದೇ ಹೆಸರಿನ ಕಟ್ಟೆ ನಾಲ್ಕಿದ್ದರೆ ನಾಲ್ಕೂ ಕಡೆ ಪ್ರಶ್ನೆ ಹಾಕಿದರಾಯಿತು ಅಂತೀರಾ? ಒಂದೇ ಪೋಸ್ಟನ್ನು ಬೇರೆ ಕಟ್ಟೆಗೂ ಹಾಕುವ ಕ್ರಾಸ್‌ಪೋಸ್ಟ್ ಗುಂಡಿ ಇದೆ, ಧಾರಾಳವಾಗಿ ಒತ್ತಿ. ಲಿಂಕ್ ಇದ್ದರೆ ಒಂದೇ ವಿಷಯ ಅಂತ ತಂತ್ರಾಂಶ ಗುರುತು ಹಿಡಿಯುತ್ತದೆ, ಬರೀ ಪ್ರಶ್ನೆಯಾದರೆ ಅದೂ ಇಲ್ಲ. ಕಾಮೆಂಟುಗಳಂತೂ ನಾಲ್ಕು ಪಾಲು.

ಕೊನೆಗೆ ಭಾಷೆ. ಪೋಸ್ಟ್‌ಗೂ ಕಾಮೆಂಟ್‌ಗೂ ಇಂಥ ಭಾಷೆಯದು ಎಂದು ಗುರುತು ಹಾಕಬಹುದು. ಓದುಗರ ಸೆಟ್ಟಿಂಗ್ಸ್‌ನಲ್ಲಿ ಆ ಭಾಷೆಗೆ ಟಿಕ್ ಇಲ್ಲದಿದ್ದರೆ ಅವರಿಗದು ಮಾಯ.

ಇಷ್ಟನ್ನೂ ಪಾಲಿಸಿ ಪ್ರಶ್ನೆ ಹಾಕುವ ಹೊತ್ತಿಗೆ ಪರಿಷೆಯ ಭಾನುವಾರ ಸಂಜೆ. ಮೊದಲ ಕಟ್ಟೆಯ ಉತ್ತರ: ಇದನ್ನು ಎರಡನೆಯದರಲ್ಲಿ ಕೇಳಿ. ಎರಡನೆಯದು: ಮೂರನೆಯದರಲ್ಲಿ ಕೇಳಿ. ಮೂರನೆಯದರಲ್ಲಿ, ಒಂದನ್ನೂ ಎರಡನ್ನೂ ವಿಲೀನ ಮಾಡುವ ಬಗ್ಗೆ ಬಿಸಿ ಚರ್ಚೆ. ನಾಲ್ಕನೆಯದರಲ್ಲಿ ಒಬ್ಬ ಪುಣ್ಯಾತ್ಮರು ಬರೆದಿದ್ದಾರೆ: 'ಗಾಡಿ ತರಬೇಡಿ, ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ನಡೆಯಿರಿ.' ಅಪ್ಪಟ ಕನ್ನಡದಲ್ಲಿ, ಕನ್ನಡ ಎಂದು ಗುರುತು ಹಾಕಿ. ಪರಿಷೆಗೆ ಹೊರಟವರ ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷಿಗೆ ಮಾತ್ರ ಟಿಕ್ ಇದೆ.